ಒಂದು ಚೀಲ ಯೂರಿಯಾ ಎಲ್ಲಿಗೆ ಹೋಯ್ತು? ನಿಮ್ಮ ಹೊಲದ ಸಾರಜನಕವನ್ನು ಹಿಂಬಾಲಿಸಲು ಸಮಗ್ರ ಮಾರ್ಗದರ್ಶಿ

ಜುಲೈ ಬಂತು ಅಂದ್ರೆ ದಾವಣಗೆರೆ ಸುತ್ತಮುತ್ತ ಯಾವ ಗೊಬ್ಬರದ ಅಂಗಡಿ ಮುಂದೆ ನಿಂತರೂ ಒಂದೇ ಮಾತು: "ಯೂರಿಯಾ ಬಂತಾ?" ಬೆಳಗ್ಗೆ ಬೇಗ ಎದ್ದು, ಆಧಾರ್ ಕಾರ್ಡ್ ಜೇಬಲ್ಲಿಟ್ಟುಕೊಂಡು, ಸಾಲಲ್ಲಿ ನಿಂತು ಎರಡು ಚೀಲ ಸಿಕ್ಕರೆ ಗೆದ್ದ ಹಾಗೆ. ಸರಿ, ತಂದಿರಿ. ಎರಚಿದಿರಿ. ಆಮೇಲೆ ಅದು ಎಲ್ಲಿಗೆ ಹೋಯ್ತು ಅಂತ ಯಾರಾದರೂ ಕೇಳಿದ್ದಾರಾ?

ನಾನೂ ಕೇಳಿರಲಿಲ್ಲ. ಮಾಯಕೊಂಡದ ಕಡೆ ನಮ್ಮದು ಮಸಾರಿ ಹೊಲ, ಅಂದ್ರೆ ಕೆಂಪು ಮಣ್ಣು, ಮಳೆ ನಂಬಿದ ಮೆಕ್ಕೆಜೋಳ (ಮುಂದೆ ಬರೀ ಜೋಳ ಅಂದರೂ ಇದೇ). ಒಂದು ವರ್ಷ ಒಂದು ಚೀಲ ಯೂರಿಯಾ ಹಾಕಿ, ಹಾಕದೇ ಇದ್ದ ಹಾಗೇ ಆಯ್ತು. ಆ ಕಥೆ ಮುಂದೆ ಹೇಳ್ತೀನಿ. ಆಗಿನಿಂದ ಒಂದು ನೋಟ್‌ಬುಕ್ ಇಟ್ಟು, ಯೂರಿಯಾದ ಜೀವಾಳವಾದ ಸಾರಜನಕದ ಜಮಾ-ಖರ್ಚು ಬರೆಯೋದು ರೂಢಿ ಮಾಡಿಕೊಂಡೆ. ದುಡ್ಡಿನ ಲೆಕ್ಕಕ್ಕಿಂತ ಇದು ಸುಲಭ, ಯಾಕಂದ್ರೆ ಸಾರಜನಕ ಸಾಲ ಕೇಳಲ್ಲ. ಆದರೆ ಕಳ್ಳ ಮಾತ್ರ ಹೌದು, ನಿಂತ ಕಡೆ ನಿಲ್ಲಲ್ಲ.

ಈ ಮಾರ್ಗದರ್ಶಿಗೆ ಬೇಕಾದದ್ದು ಇಷ್ಟೇ: ಒಂದು ನೋಟ್‌ಬುಕ್, ಒಂದು ಗುದ್ದಲಿ, ಒಂದು ಬಕೆಟ್, ಮುಚ್ಚಳ ಇರುವ ಮೂರು ಗಾಜಿನ ಬಾಟಲಿ, ಒಂದು ಬ್ಲೇಡು, ಮನೆಯಲ್ಲಿ ಕುಟ್ಟಿದ ಅರಿಶಿನ. ಮತ್ತೆ ನಿಮ್ಮ ಮೂಗು. ಒಂದು ಹಂಗಾಮು ಪೂರ್ತಿ ಬೇಕು, ಒಂದು ಭಾನುವಾರದಲ್ಲಿ ಮುಗಿಯೋ ಕೆಲಸ ಅಲ್ಲ.

ಹೆಜ್ಜೆ 1: ಮೊದಲು ವೇಷ ಗುರುತು ಹಿಡಿಯಿರಿ

ಬಯಲಾಟದಲ್ಲಿ ಒಬ್ಬನೇ ರಾತ್ರಿಯೆಲ್ಲ ನಾಲ್ಕು ಪಾತ್ರ ಕಟ್ಟಿದ ಹಾಗೆ, ಸಾರಜನಕಕ್ಕೂ ನಾಲ್ಕು ಮುಖ್ಯ ವೇಷ.

ಮೊದಲನೆಯದು ಗಾಳಿ. ನಾವು ಉಸಿರಾಡೋ ಗಾಳಿಯಲ್ಲಿ ನೂರಕ್ಕೆ 78 ಭಾಗ ಇದೇ. ಒಂದು ಎಕರೆ ಹೊಲದ ಮೇಲೆ ಆಕಾಶದವರೆಗೆ ನಿಂತಿರೋ ಗಾಳಿಯಲ್ಲಿ ಸುಮಾರು 31 ಸಾವಿರ ಟನ್ ಸಾರಜನಕ ಇದೆ. ಲೆಕ್ಕ ಹಾಕಿದಾಗ ನಾನೇ ಎರಡು ಸಲ ತಾಳೆ ನೋಡಿದೆ. ಅಷ್ಟಿದ್ದರೂ ಜೋಳದ ಗಿಡಕ್ಕೆ ಒಂದು ಕಾಳಷ್ಟೂ ದಕ್ಕಲ್ಲ. ಎರಡು ಪರಮಾಣುಗಳು ಮೂರು ಕೊಂಡಿ ಹಾಕಿಕೊಂಡು ಅಪ್ಪಿ ಹಿಡಿದಿರುತ್ತವೆ, ಅದನ್ನು ಬಿಡಿಸೋ ಶಕ್ತಿ ಗಿಡಕ್ಕಿಲ್ಲ, ನಮ್ಮ ದೇಹಕ್ಕೂ ಇಲ್ಲ.

ಎರಡನೆಯದು ಅಮೋನಿಯಂ. ಇದಕ್ಕೆ ಧನ ವಿದ್ಯುದಂಶ ಇದೆ, ಮಣ್ಣಿನ ಜೇಡಿ ಕಣಗಳಿಗೆ ಋಣ, ಹಾಗಾಗಿ ಅಂಟಿಕೊಂಡು ಕೂರುತ್ತದೆ. ಇದೇ ಅಮೋನಿಯಾ ಅನಿಲವಾದರೆ ಮೂಗಿಗೆ ಹೊಡೆಯೋ ವಾಸನೆ. ಮೂರನೆಯದು ನೈಟ್ರೇಟ್. ಇದರದ್ದೂ ಋಣ, ಮಣ್ಣು ಹಿಡಿಯಲ್ಲ, ನೀರು ಎಲ್ಲಿಗೆ ಹೋದರೆ ಅಲ್ಲಿಗೆ ಇದೂ. ನಾಲ್ಕನೆಯದು ಜೀವದೊಳಗಿನದು: ಎಲೆ, ಕಾಳು, ಹಾಲು, ಮಾಂಸ, ಸಗಣಿ, ಮಣ್ಣಿನ ಕಪ್ಪು ಕಸುವು. ಪ್ರೋಟೀನ್ ಅಂದ್ರೆ ಇದೇ. ಪ್ರೋಟೀನಿನ ತೂಕದಲ್ಲಿ ನೂರಕ್ಕೆ ಸುಮಾರು 16 ಭಾಗ ಸಾರಜನಕ. ಈ ಅಂಕಿ ನೆನಪಿಡಿ, ಮುಂದೆ ಎಲ್ಲ ಲೆಕ್ಕಕ್ಕೂ ಇದೇ ಕೀಲಿ.

ಹೆಜ್ಜೆ 2: ಒಂದೇ ಎಕರೆ ಆರಿಸಿಕೊಂಡು ಜಮಾ ಬರೆಯಿರಿ

ಹೊಲ ಪೂರ್ತಿ ಹಿಡಿಯಬೇಡಿ, ತಲೆ ಕೆಡುತ್ತೆ. ಒಂದು ಎಕರೆ ಸಾಕು.

ಚೀಲದ ಮೇಲೆ ಬರೆದಿರೋದನ್ನು ಓದಿ. ಯೂರಿಯಾದಲ್ಲಿ ನೂರಕ್ಕೆ 46 ಸಾರಜನಕ. ಈಗಿನ ಚೀಲ 50 ಕಿಲೋ ಅಲ್ಲ, 45 ಕಿಲೋ. ಅಂದ್ರೆ ಚೀಲಕ್ಕೆ 20.7 ಕಿಲೋ ಸಾರಜನಕ. ಹಳೇ ಲೆಕ್ಕ ತಲೆಯಲ್ಲಿಟ್ಟುಕೊಂಡು ಈಗಲೂ "ಚೀಲಕ್ಕೆ 23" ಅನ್ನೋರು ಇದ್ದಾರೆ. ಡಿಎಪಿಯಲ್ಲಿ (ರಂಜಕದ ಜೊತೆ ಸಾರಜನಕವೂ ಇರೋ ಗೊಬ್ಬರ) ನೂರಕ್ಕೆ 18, ಹಾಗಾಗಿ 50 ಕಿಲೋ ಚೀಲಕ್ಕೆ 9 ಕಿಲೋ.

ಕೊಟ್ಟಿಗೆ ಗೊಬ್ಬರ ಟನ್ನಿಗೆ ಹೆಚ್ಚುಕಮ್ಮಿ 5 ಕಿಲೋ. ಬಿಸಿಲಲ್ಲಿ ಒಣಗಿ ಬೂದಿ ಥರ ಆಗಿದ್ದರೆ ಅದಕ್ಕಿಂತ ಕಡಿಮೆ. ಎರಡು ಟ್ರ್ಯಾಕ್ಟರ್ ಲೋಡು ಅಂದ್ರೆ ನಾಲ್ಕು ಟನ್ ಅಂತಿಟ್ಟುಕೊಂಡರೆ 20 ಕಿಲೋ ಆಯ್ತು. ಆದರೆ ಅದರಲ್ಲಿ ಮೊದಲ ವರ್ಷ ಬೆಳೆಗೆ ಸಿಗೋದು ಕಾಲು ಭಾಗದಿಂದ ಮೂರನೇ ಒಂದು ಭಾಗ. ಉಳಿದದ್ದು ಮಣ್ಣಲ್ಲಿ ಡಿಪಾಸಿಟ್.

ಮಳೆ, ಗುಡುಗು, ಮಿಂಚಿಂದಲೂ ಸ್ವಲ್ಪ ಬರುತ್ತೆ. ಮಿಂಚಿನ ಕಾವಿಗೆ ಗಾಳಿಯ ಸಾರಜನಕ ಆಮ್ಲಜನಕದ ಜೊತೆ ಸೇರಿ, ಮಳೆಹನಿಯಲ್ಲಿ ಕರಗಿ ಇಳಿಯುತ್ತದೆ. ಮೊದಲ ಗುಡುಗು-ಮಳೆಗೆ ಬೆಳೆ ಹಸಿರೇರುತ್ತೆ ಅಂತ ಹಿರಿಯರು ಹೇಳೋದು ಪೂರ್ತಿ ಸುಳ್ಳೇನಲ್ಲ, ಆದರೆ ಅದರಲ್ಲಿ ಹೆಚ್ಚಿನ ಪಾಲು ಮಣ್ಣು ಒದ್ದೆಯಾಗಿ ಒಳಗಿದ್ದ ಜೀವಾಣುಗಳು ಎದ್ದು ಕೆಲಸ ಶುರು ಮಾಡಿದ್ದರಿಂದ ಆದದ್ದು. ವರ್ಷಕ್ಕೆ ಎಕರೆಗೆ ಎರಡು-ಮೂರು ಕಿಲೋ ಅಂತ ಬರೆದುಕೊಂಡರೆ ಸಾಕು.

ಕೊನೆಯದಾಗಿ, ಮಣ್ಣಿನಲ್ಲಿ ಮೊದಲೇ ಇರೋದು. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಕಾರ್ಡಿನಲ್ಲಿ ಸಾವಯವ ಇಂಗಾಲ ಅಂತ ಒಂದು ಸಾಲು ಇರುತ್ತೆ, ಯಾರೂ ನೋಡಲ್ಲ. ಅದು ಶೇಕಡಾ 0.5 ಇದ್ದರೆ, ಉಳುಮೆಯ ಪದರದಲ್ಲಿ ಎಕರೆಗೆ ಸುಮಾರು 400 ಕಿಲೋ ಸಾರಜನಕ ಇದೆ ಅಂತ ಅರ್ಥ. ಹತ್ತೊಂಬತ್ತು ಚೀಲ ಯೂರಿಯಾ! ಆದರೆ ಅದಕ್ಕೆ ಬೀಗ ಹಾಕಿದೆ. ಜೀವಾಣುಗಳು ಕೊಳೆಸಿ ಬಿಡಿಸಿಕೊಡೋದು ವರ್ಷಕ್ಕೆ ನೂರಕ್ಕೆ ಎರಡು-ಮೂರು ಭಾಗ ಮಾತ್ರ, ಅಂದ್ರೆ ಹತ್ತು ಕಿಲೋ ಆಸುಪಾಸು. ದಂಟು ಸುಟ್ಟು, ಗೊಬ್ಬರ ಬಿಟ್ಟು, ಬರೀ ಯೂರಿಯಾ ನಂಬಿದ ಹೊಲದಲ್ಲಿ ಈ 400 ವರ್ಷದಿಂದ ವರ್ಷಕ್ಕೆ ಕರಗುತ್ತಾ ಹೋಗುತ್ತೆ. ಪಾಸ್‌ಬುಕ್ ನೋಡದೇ ದುಡ್ಡು ಡ್ರಾ ಮಾಡಿದ ಹಾಗೆ.

ಹೆಜ್ಜೆ 3: ಶೇಂಗಾ ಗಿಡ ಅಗೆದು ಗಂಟು ಕುಯ್ಯಿರಿ

ಗಾಳಿಯ ಬೀಗ ತೆಗೆಯೋರು ಯಾರು ಅಂತ ಕಣ್ಣಾರೆ ನೋಡಬೇಕಾದರೆ ಇದನ್ನು ಬಿಡಬೇಡಿ. ನಮ್ಮ ಮಾವನ ಮನೆ ಚಳ್ಳಕೆರೆ ಕಡೆ, ಅಲ್ಲಿ ಶೇಂಗಾ. ಅಲ್ಲೇ ನಾನು ಮೊದಲು ನೋಡಿದ್ದು. ನಿಮ್ಮಲ್ಲಿ ಶೇಂಗಾ ಇಲ್ಲದಿದ್ದರೆ ಅಲಸಂದೆ, ತೊಗರಿ, ಹೆಸರು, ಅವರೆ ಯಾವುದಾದರೂ ಆಗುತ್ತೆ.

ಬಿತ್ತಿ 35ರಿಂದ 45 ದಿನ ಆಗಿರಬೇಕು. ಗಿಡ ಕೈಯಿಂದ ಕೀಳಬೇಡಿ. ಕಿತ್ತರೆ ಗಂಟುಗಳು ಮಣ್ಣಲ್ಲೇ ಉದುರುತ್ತವೆ, ಆಮೇಲೆ "ನಮ್ಮಲ್ಲಿ ಗಂಟೇ ಇಲ್ಲ" ಅಂತ ಬೇಜಾರು ಮಾಡ್ಕೋತೀರಿ. ಸುತ್ತ ಒಂದು ಗೇಣು ಬಿಟ್ಟು ಗುದ್ದಲಿಯಿಂದ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಲ್ಲಿ ಕಾಲು ಗಂಟೆ ಬಿಡಿ. ಮಣ್ಣು ತಾನೇ ಕಳಚುತ್ತೆ. ಬೇರಿನ ಪಕ್ಕದಲ್ಲಿ ಸಾಸಿವೆಯಿಂದ ಸಣ್ಣ ಬಟಾಣಿ ತನಕದ ಗುಂಡುಗಳು ಕಾಣುತ್ತವೆ. ಬೆರಳಿಂದ ತಳ್ಳಿದರೆ ಉದುರಬೇಕು. ಉದುರದೇ ಬೇರೇ ಊದಿಕೊಂಡ ಹಾಗಿದ್ದರೆ ಅದು ಈ ಗಂಟಲ್ಲ, ಜಂತುಹುಳದ ರೋಗ. ಎರಡಕ್ಕೂ ಗಂಟು ಅಂತಲೇ ಕರೆಯೋದರಿಂದ ಗೊಂದಲ.

ಈಗ ಒಂದು ಗಂಟನ್ನು ಬ್ಲೇಡಲ್ಲಿ ಅಡ್ಡ ಕುಯ್ಯಿರಿ. ಒಳಗೆ ಗುಲಾಬಿ, ಇಲ್ಲಾ ಹಸಿ ಮಾಂಸದ ಥರ ಕೆಂಪು. ಮೊದಲ ಸಲ ನೋಡಿದಾಗ ನನ್ನ ಮಗಳು "ಅಪ್ಪಾ, ಗಿಡಕ್ಕೆ ರಕ್ತ ಬಂತು" ಅಂದಳು. ತೀರಾ ತಪ್ಪೇನಲ್ಲ. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದ್ದು, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದಾಯಾದಿ. ಗಂಟಿನೊಳಗೆ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾ ಮನೆ ಮಾಡಿರುತ್ತದೆ. ಗಾಳಿಯ ಸಾರಜನಕದ ಕೊಂಡಿ ಮುರಿಯೋ ಅದರ ಕಿಣ್ವಕ್ಕೆ ಆಮ್ಲಜನಕ ತಗುಲಿದರೆ ಕೆಟ್ಟು ಹೋಗುತ್ತೆ, ಆದರೆ ಬ್ಯಾಕ್ಟೀರಿಯಾ ಬದುಕೋದಕ್ಕೆ ಆಮ್ಲಜನಕ ಬೇಕೇ ಬೇಕು. ಈ ಇಕ್ಕಟ್ಟಿಗೆ ಗಿಡ ಕಂಡುಕೊಂಡ ದಾರಿ ಆ ಕೆಂಪು: ಆಮ್ಲಜನಕವನ್ನು ಹಿಡಿದಿಟ್ಟು, ಎಷ್ಟು ಬೇಕೋ ಅಷ್ಟೇ ಬಡಿಸುತ್ತೆ. ಗಿಡ ಸಕ್ಕರೆ ಕೊಡುತ್ತೆ, ಬ್ಯಾಕ್ಟೀರಿಯಾ ಅಮೋನಿಯಾ ಕೊಡುತ್ತೆ.

ಒಳಗೆ ಬಿಳಿ ಇದ್ದರೆ ಗಂಟು ಇನ್ನೂ ಎಳಸು, ಇಲ್ಲಾ ಕೆಲಸಗಳ್ಳ. ಹಸಿರು-ಕಂದು ಆಗಿದ್ದರೆ ಅದರ ಕಾಲ ಮುಗೀತು. ಹತ್ತು ಗಂಟು ಕುಯ್ದು ಎಷ್ಟು ಕೆಂಪು ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಗಂಟಿನೊಳಗೆ ಜೀವಾಣು ಇದ್ದೇ ಗಾಳಿಯ ಸಾರಜನಕ ಹಿಡಿಯೋದು ಅಂತ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ಟ್ 1886ರಲ್ಲಿ ತೋರಿಸಿದರು, ಎರಡು ವರ್ಷದ ನಂತರ ಹಾಲೆಂಡಿನ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ನಮ್ಮವರು ಅದಕ್ಕೂ ಎಷ್ಟೋ ಮೊದಲಿಂದ ಅಕ್ಕಡಿ ಸಾಲು, ಅಂದ್ರೆ ಮುಖ್ಯ ಬೆಳೆಯ ನಡುವೆ ಬೇಳೆಕಾಳಿನ ಸಾಲು, ಹಾಕುತ್ತಿದ್ದರು. ಕಾರಣ ಗೊತ್ತಿರಲಿಲ್ಲ, ಫಲ ಗೊತ್ತಿತ್ತು.

ಜೊತೆಗೆ ಒಂದು ಸಣ್ಣ ಆಟ ಆಡಿ. ಶೇಂಗಾ ಹೊಲದ ಒಂದು ಮೂಲೆಗೆ ಬೇಕಂತಲೇ ಯೂರಿಯಾ ಜಾಸ್ತಿ ಹಾಕಿ. 40 ದಿನಕ್ಕೆ ಅಗೆದು ನೋಡಿದರೆ ಅಲ್ಲಿ ಗಂಟು ಕಡಿಮೆ ಇರುತ್ತೆ. ಪುಕ್ಕಟೆ ಊಟ ಸಿಕ್ಕರೆ ಗಿಡ ಅಡಿಗೆಯವರನ್ನು ಯಾಕೆ ಸಾಕುತ್ತೆ ಹೇಳಿ?

ಬೀಜೋಪಚಾರ ಮಾಡೋದಾದರೆ ರೈಜೋಬಿಯಂ ಪ್ಯಾಕೆಟ್ಟನ್ನು ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಹಗುರವಾಗಿ ಸವರಿ, ನೆರಳಲ್ಲಿ ಒಣಗಿಸಿ, ಅವತ್ತೇ ಬಿತ್ತಿ. ಶಿಲೀಂಧ್ರನಾಶಕದ ಜೊತೆ ಒಟ್ಟಿಗೇ ಕಲಸಬೇಡಿ. ಶೇಂಗಾಕ್ಕೆ ಶೇಂಗಾದ್ದೇ ಪ್ಯಾಕೆಟ್ ಬೇಕು, ಒಂದಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಅಷ್ಟಾಗಿ ಒಗ್ಗದೇ ಇರಬಹುದು.

ಹೆಜ್ಜೆ 4: ಅರಿಶಿನದ ಪಟ್ಟಿ ಕಟ್ಟಿ ಕಳ್ಳನನ್ನು ಹಿಡಿಯಿರಿ

ನನ್ನ ಹೊಲದ ಕಥೆ ಇಲ್ಲಿದೆ. ಪುನರ್ವಸು ಮಳೆ ಜಿನುಗುತ್ತಿತ್ತು, ಮೇಲುಗೊಬ್ಬರದ ಟೈಮು. ಸಾಲಿನ ನಡುವೆ ಮಣ್ಣು ಎಳೆಯೋ ಎಡೆಕುಂಟೆ ಹೊಡೆಯೋದಕ್ಕೆ ಎತ್ತು ಸಿಗಲಿಲ್ಲ. ಸುಮ್ನೆ ಸಾಲಿನ ಮೇಲೆ ಯೂರಿಯಾ ಎರಚಿ ಬಂದೆ, ರಾತ್ರಿ ಮಳೆ ಬಂದು ಇಳಿಸುತ್ತೆ ಅಂತ ಲೆಕ್ಕ. ಮಳೆ ಬರಲಿಲ್ಲ. ನಾಲ್ಕು ದಿನ ಹೊಡೆದ ಬಿಸಿಲು. ಮೂರನೇ ದಿನ ಹೊಲಕ್ಕೆ ಹೋದರೆ ಬದುವಿನ ಹತ್ತಿರವೇ ಕೊಟ್ಟಿಗೆ ವಾಸನೆ. ಹರಳು ಕರಗಿದ್ದವು, ಜೋಳ ಮಾತ್ರ ಹಳದಿ. ಅವತ್ತು ನಾನು ಸಾಲಲ್ಲಿ ನಿಂತು ತಂದ ಚೀಲ ಗಾಳಿಗೆ ಹೋಗ್ತಾ ಇತ್ತು.

ಆಗಿದ್ದೇನು ಅಂದ್ರೆ, ಮಣ್ಣಿನಲ್ಲಿ ಯೂರಿಯೇಸ್ ಅನ್ನೋ ಕಿಣ್ವ ಇರುತ್ತೆ. ಹಸಿ ತಗುಲಿದ ಯೂರಿಯಾವನ್ನು ಅದು ಕೆಲವೇ ದಿನದಲ್ಲಿ ಅಮೋನಿಯಂ ಕಾರ್ಬೊನೇಟ್ ಮಾಡುತ್ತೆ. ಆ ಜಾಗ ಕ್ಷಾರ ಆಗುತ್ತೆ, ಕ್ಷಾರದಲ್ಲಿ ಅಮೋನಿಯಂ ಅಮೋನಿಯಾ ಆಗಿ ಹಾರುತ್ತೆ. ಮಣ್ಣಿನ ಮೇಲೆ ಬಿದ್ದಿದ್ದರೆ ಹಿಡಿಯೋರು ಯಾರೂ ಇಲ್ಲ. ಎರೆಹೊಲದವರು, ಅಂದ್ರೆ ಕಪ್ಪು ಮಣ್ಣಿನವರು, ಇನ್ನೂ ಹುಷಾರಾಗಿರಬೇಕು, ಸುಣ್ಣದಂಶ ಇರುವ ಕ್ಷಾರದ ಮಣ್ಣಲ್ಲಿ ಇದು ಜಾಸ್ತಿ.

ಮನೆಯಲ್ಲೇ ನೋಡಬಹುದು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಆರತಿ ನೀರು ಕೆಂಪಾಗುತ್ತಲ್ವಾ, ಅದೇ ಸೂತ್ರ. ಅರಿಶಿನ ಪುಡಿಯನ್ನು ಸ್ವಲ್ಪ ಸ್ಯಾನಿಟೈಸರ್‌ನಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿ, ಬೆರಳಗಲದ ಪಟ್ಟಿ ಕತ್ತರಿಸಿ. ಅಂಗಡಿಯ ಅರಿಶಿನದಲ್ಲಿ ಬಣ್ಣ ಬೆರೆಸಿದ್ದರೆ ಪಟ್ಟಿ ಸರಿಯಾಗಿ ತಿರುಗಲ್ಲ, ಅದಕ್ಕೇ ಮನೆಯಲ್ಲಿ ಕುಟ್ಟಿದ್ದು ಅಂದೆ.

ಮೂರು ಬಾಟಲಿಗೂ ನಿಮ್ಮ ಹೊಲದ ಹಸಿ ಮಣ್ಣು ಹಾಕಿ. ಮೊದಲನೆಯದಕ್ಕೆ ಬೇರೇನೂ ಬೇಡ. ಎರಡನೆಯದಕ್ಕೆ ಕಾಲು ಚಮಚ ಯೂರಿಯಾ ಮೇಲೇ ಉದುರಿಸಿ. ಮೂರನೆಯದಕ್ಕೆ ಅಷ್ಟೇ ಯೂರಿಯಾ ತಳದಲ್ಲಿ ಹಾಕಿ, ಮೇಲೆ ನಾಲ್ಕು ಬೆರಳಿನಷ್ಟು ಮಣ್ಣು ಮುಚ್ಚಿ ಒತ್ತಿ. ಅರಿಶಿನದ ಪಟ್ಟಿ ಒದ್ದೆ ಮಾಡಿ ಮುಚ್ಚಳದ ಒಳಮೈಗೆ ಅಂಟಿಸಿ, ಮಣ್ಣಿಗೆ ತಾಗಬಾರದು. ಮುಚ್ಚಿ ನೆರಳಲ್ಲಿಡಿ.

ಒಂದೆರಡು ದಿನಕ್ಕೆ ಎರಡನೇ ಬಾಟಲಿಯ ಪಟ್ಟಿ ಹಳದಿಯಿಂದ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ. ಮುಚ್ಚಳ ತೆಗೆದರೆ ಮೂಗೇ ಹೇಳುತ್ತೆ. ಮೂರನೆಯದು ತಡ, ಮತ್ತೆ ಕಮ್ಮಿ. ಮೊದಲನೆಯದು ಹಳದಿಯಾಗೇ ಇರುತ್ತೆ. ಕೆಂಪಾದ ಪಟ್ಟಿಯನ್ನು ಗಾಳಿಗೆ ಹಿಡಿದರೆ ಮೆಲ್ಲಗೆ ಮತ್ತೆ ಹಳದಿ ಆಗುತ್ತೆ, ಯಾಕಂದ್ರೆ ಅಮೋನಿಯಾ ಅಲ್ಲಿಂದಲೂ ಹಾರಿಹೋಯ್ತು. ಮಕ್ಕಳಿಗೆ ತೋರಿಸಿ, ಶಾಲೆಯ ಪಾಠಕ್ಕಿಂತ ಚೆನ್ನಾಗಿ ನೆನಪಿರುತ್ತೆ.

ಹಾಗಾದ್ರೆ ಏನು ಮಾಡಬೇಕು? ಹದ ಇರುವಾಗ ಗಿಡದಿಂದ ನಾಲ್ಕು ಬೆರಳು ದೂರ ಸಾಲಲ್ಲಿ ಹಾಕಿ, ಅವತ್ತೇ ಎಡೆಕುಂಟೆಯಿಂದ ಮಣ್ಣು ಎಳೆದು ಮುಚ್ಚಿ. ಎತ್ತು ಸಿಗದಿದ್ದರೆ ಒಂದು ದಿನ ಕಾಯಿರಿ, ಚೀಲ ಮನೆಯಲ್ಲಿ ಕೆಡಲ್ಲ. ಎಲ್ಲವನ್ನೂ ಒಂದೇ ಸಲ ಸುರಿಯಬೇಡಿ. ಬಿತ್ತುವಾಗ ಒಂದಿಷ್ಟು, ಮೊಳಕಾಲೆತ್ತರ ಬಂದಾಗ ಒಂದಿಷ್ಟು, ಸೂಲಂಗಿ (ತುದಿಯ ಗಂಡು ಹೂ) ಬರೋ ಮುಂಚೆ ಒಂದಿಷ್ಟು.

"ಈಗ ಬೇವು ಲೇಪಿತ ಬಂದಿದೆಯಲ್ಲ, ಹಾರಲ್ಲ" ಅನ್ನೋರಿಗೆ ಒಂದು ಮಾತು. ಬೇವು ತಡೆಯೋದು ಮುಖ್ಯವಾಗಿ ಮುಂದಿನ ಹಂತವನ್ನು, ಅಂದ್ರೆ ಅಮೋನಿಯಂ ನೈಟ್ರೇಟ್ ಆಗೋ ವೇಗವನ್ನು. ಮೇಲೇ ಬಿದ್ದ ಯೂರಿಯಾ ವಾಸನೆಯಾಗಿ ಹೋಗೋದನ್ನು ಅದು ಅಷ್ಟಾಗಿ ತಡೆಯಲ್ಲ. ಮುಚ್ಚಲೇಬೇಕು.

ಹೆಜ್ಜೆ 5: ನೀರಿನ ಹಿಂದೆ ಹೋಗಿ

ಮಣ್ಣಲ್ಲಿ ಉಳಿದ ಅಮೋನಿಯಂ ಅನ್ನು ಎರಡು ಗುಂಪಿನ ಬ್ಯಾಕ್ಟೀರಿಯಾಗಳು ಸರದಿಯಲ್ಲಿ ತಿಂದು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಬೆಚ್ಚಗಿನ, ಗಾಳಿಯಾಡೋ ಮಣ್ಣಲ್ಲಿ ಇದು ಎರಡು-ಮೂರು ವಾರದ ಕೆಲಸ. ಜೋಳಕ್ಕೆ ನೈಟ್ರೇಟ್ ಇಷ್ಟವೇ. ಆದರೆ ಆ ಸಮಯಕ್ಕೆ ಜಡಿಮಳೆ ಹಿಡಿದರೆ ಮಸಾರಿ ಹೊಲದಲ್ಲಿ ಅದು ಬೇರಿನಿಂದ ಕೆಳಗೆ ಇಳಿದುಬಿಡುತ್ತೆ. ಎರೆಹೊಲದಲ್ಲಿ ಇಳಿಯಲ್ಲ, ನೀರು ನಿಂತು ಇನ್ನೊಂದು ಕಥೆ ಆಗುತ್ತೆ.

ಆ ಇನ್ನೊಂದು ಕಥೆ ಭದ್ರಾ ನಾಲೆಯ ಗದ್ದೆಯವರಿಗೆ ಚೆನ್ನಾಗಿ ಅನ್ವಯಿಸುತ್ತೆ. ನೀರು ನಿಂತ ಕೆಸರಲ್ಲಿ ಆಮ್ಲಜನಕ ಇಲ್ಲ. ಅಲ್ಲಿನ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ನೈಟ್ರೇಟಿನಿಂದಲೇ ಆಮ್ಲಜನಕ ಕಿತ್ತುಕೊಳ್ಳುತ್ತವೆ. ಉಳಿದ ಸಾರಜನಕ ಮತ್ತೆ ಗಾಳಿಗೆ. ಚಕ್ರ ಪೂರ್ತಿ ಆಯ್ತು, ನಿಮ್ಮ ದುಡ್ಡು ಹೋಯ್ತು. ಅದರಲ್ಲಿ ಸ್ವಲ್ಪ ಭಾಗ ನೈಟ್ರಸ್ ಆಕ್ಸೈಡ್ ಆಗಿ ಹೊರಡುತ್ತೆ. ಭೂಮಿ ಬಿಸಿ ಮಾಡೋದರಲ್ಲಿ ಇದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜೋರು. ಅಂದಹಾಗೆ, ಗದ್ದೆಯ ಕೆಸರು ತುಳಿದಾಗ ಏಳೋ ಗುಳ್ಳೆಗಳು ಇದಲ್ಲ, ಅದು ಹೆಚ್ಚಿನಂಶ ಮೀಥೇನ್. ಇದು ಕಣ್ಣಿಗೆ ಕಾಣದೇ ಹೋಗುತ್ತೆ.

ಗದ್ದೆಯಲ್ಲಿ ನಿಂತ ನೀರಿಗೆ ಯೂರಿಯಾ ಎಸೆಯೋದು ಎಲ್ಲರೂ ಮಾಡೋ ತಪ್ಪು. ಹಗಲು ಬಿಸಿಲಲ್ಲಿ ಪಾಚಿ ತನ್ನ ಆಹಾರಕ್ಕೆ ನೀರಿನ ಇಂಗಾಲದ ಡೈಆಕ್ಸೈಡ್ ಹೀರಿ ಆ ನೀರೂ ಕ್ಷಾರವಾಗುತ್ತೆ, ಅಮೋನಿಯಾ ಹಾರುತ್ತೆ. ನೀರು ಬಸಿದು, ಕೆಸರಿನ ಮೇಲೆ ಹಾಕಿ, ಕಳೆ ತೆಗೆಯುವಾಗ ಕಾಲಲ್ಲಿ ತುಳಿದು ಸೇರಿಸಿ, ಒಂದೆರಡು ದಿನ ಬಿಟ್ಟು ನೀರು ಕಟ್ಟಿ. ಹಾಕಿದ ಮೇಲೆ ಒಣಗಿಸೋದು, ನೆನೆಸೋದು, ಮತ್ತೆ ಒಣಗಿಸೋದು ಮಾಡಿದರೆ ನೈಟ್ರೇಟ್ ಆಗಿ, ಗಾಳಿಯಾಗಿ ಹೋಗುತ್ತೆ. ನಾಲೆ ನೀರಿನ ಸರದಿ ನಮ್ಮ ಕೈಲಿಲ್ಲ, ಗೊತ್ತು. ಯೂರಿಯಾ ಹಾಕೋ ದಿನ ನಮ್ಮ ಕೈಲಿದೆ.

ಹೆಜ್ಜೆ 6: ಎಲೆ ಓದಿ

ಸಾರಜನಕ ಕಮ್ಮಿಯಾದರೆ ಹಳದಿಯಾಗೋದು ಕೆಳಗಿನ ಹಳೇ ಎಲೆ. ಜೋಳದಲ್ಲಿ ತುದಿಯಿಂದ ಶುರುವಾಗಿ ನಡುನರದ ಗುಂಟ ಕೆಳಕ್ಕೆ ಇಳಿಯುತ್ತೆ. ಅಂಚು ಮಾತ್ರ ಸುಟ್ಟ ಹಾಗಿದ್ದರೆ ಅದು ಪೊಟ್ಯಾಷ್ ಕೊರತೆ. ಯಾಕೆ ಹಳೇ ಎಲೆ ಮೊದಲು ಅಂದ್ರೆ, ಗಿಡ ಮುದಿ ಎಲೆಯ ಪ್ರೋಟೀನ್ ಒಡೆದು ಸುಳಿಗೆ ಸಾಗಿಸುತ್ತೆ. ಮಕ್ಕಳಿಗೆ ಬಡಿಸಿ ತಾನು ಉಪವಾಸ ಇರೋ ತಾಯಿ ಥರ.

ಮೇಲಿನ ಎಳೇ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಅದು ಸಾರಜನಕದ ಕೊರತೆ ಅಲ್ಲವೇ ಅಲ್ಲ. ಸುಣ್ಣದ ಎರೆಹೊಲದ ಶೇಂಗಾದಲ್ಲಿ ಇದು ಜಾಸ್ತಿ, ಅದು ಕಬ್ಬಿಣದ ಕೊರತೆ. ಅದಕ್ಕೆ ಯೂರಿಯಾ ಹಾಕಿ ಕೈಸುಟ್ಟುಕೊಂಡವರನ್ನು ನಾನೇ ನೋಡಿದ್ದೀನಿ.

ಈರುಳ್ಳಿ ಬೆಳೆಯೋರಿಗೆ ಎಲೆ ಕಡುಹಸಿರು ಕಂಡರೆ ಖುಷಿ. ತಡವಾಗಿ ಜಾಸ್ತಿ ಯೂರಿಯಾ ಹಾಕಿದರೆ ಕುತ್ತಿಗೆ ದಪ್ಪ ಆಗಿ ಒಣಗಲ್ಲ, ದಾಸ್ತಾನಿನಲ್ಲಿ ಕೊಳೆಯುತ್ತೆ. ರೇಟು ಬರಲಿ ಅಂತ ಕಾಯೋದಕ್ಕೆ ಈರುಳ್ಳಿಯೇ ಉಳಿಯಲ್ಲ.

ಹೆಜ್ಜೆ 7: ದಂಟು, ತಿಪ್ಪೆ, ಗಂಜಲ

ಜೋಳ ಮುರಿದ ಮೇಲೆ ದಂಟು ಏನು ಮಾಡ್ತೀರಿ? ಸುಟ್ಟರೆ ಅದರೊಳಗಿನ ಸಾರಜನಕ ಹೊಗೆಯಾಗಿ ಹೋಗುತ್ತೆ, ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತೆ ಅಷ್ಟೇ. ಕೊಚ್ಚಿ ಮಣ್ಣಿಗೆ ಸೇರಿಸಿದರೆ ಒಳ್ಳೆಯದು, ಆದರೆ ಹಿಂದೆಯೇ ಬಿತ್ತಿದರೆ ಬೆಳೆ ಹಳದಿ ಆಗುತ್ತೆ. ಒಣ ದಂಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ಅರವತ್ತು ಪಾಲು ಇಂಗಾಲ. ಕೊಳೆಸೋ ಜೀವಾಣುಗಳಿಗೆ ಬೇಕಾದದ್ದು ಸುಮಾರು 25ಕ್ಕೆ ಒಂದು. ಕೊರತೆ ಬಿದ್ದಿದ್ದನ್ನು ಅವು ಮಣ್ಣಿಂದ ಎಳೆದುಕೊಳ್ಳುತ್ತವೆ, ಬೆಳೆಗೆ ಉಪವಾಸ. ಅವು ಸತ್ತ ಮೇಲೆ ವಾಪಸ್ ಕೊಡುತ್ತವೆ, ತಡವಾಗಿ. ಹಾಗಾಗಿ ಹಿಂಗಾರು ಬೆಳೆ ಇಲ್ಲದಿದ್ದರೆ ಕೊಯ್ಲಾದ ಕೂಡಲೇ ಸೇರಿಸಿ, ಬೇಸಿಗೆ ಕಳೆಯಲಿ. ಅಪ್ಸೆಣಬು, ಡಯಾಂಚಾ ಥರದ ಹಸಿರೆಲೆ ಗೊಬ್ಬರದ ಬೆಳೆ ಆದರೆ ಈ ತಾಪತ್ರಯ ಇಲ್ಲ, ಹೂ ಬರೋ ಹೊತ್ತಿಗೆ ಮಗುಚಿದರೆ ಬೇಗ ಕರಗುತ್ತೆ.

ಇನ್ನು ಕೊಟ್ಟಿಗೆ. ಸಗಣಿಯನ್ನು ಜೋಪಾನ ಮಾಡೋ ನಾವು ಗಂಜಲವನ್ನು ಚರಂಡಿಗೆ ಬಿಡ್ತೀವಿ. ದನ ಹೊರಹಾಕೋ ಸಾರಜನಕದಲ್ಲಿ ಅರ್ಧದಷ್ಟು ಗಂಜಲದಲ್ಲೇ ಇರುತ್ತೆ, ಅದೂ ಯೂರಿಯಾ ರೂಪದಲ್ಲಿ. ಬೆಳಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಕಣ್ಣು ಉರಿಯುತ್ತಲ್ವಾ? ಅದು ನೀವು ಸಾಲಲ್ಲಿ ನಿಂತು ತರೋ ಮಾಲೇ. ಕೆಳಗೆ ಜೋಳದ ರವದಿ ಅಥವಾ ಒಣ ಮಣ್ಣು ಹಾಸಿ, ನೆನೆದ ಮೇಲೆ ತಿಪ್ಪೆಗೆ ಹಾಕಿ. ತಿಪ್ಪೆ ಗುಂಡಿಯಲ್ಲಿರಲಿ, ಮೇಲೆ ಮಣ್ಣು ಇಲ್ಲಾ ಸೋಗೆ ಮುಚ್ಚಿ. ಬಿಸಿಲಿಗೆ ಹರವಿದ ತಿಪ್ಪೆಯಲ್ಲಿ ಉಳಿಯೋದು ತೂಕ ಮಾತ್ರ. ಹೊಲಕ್ಕೆ ಹೊಡೆದ ಗೊಬ್ಬರವನ್ನೂ ಗುಡ್ಡೆ ಗುಡ್ಡೆಯಾಗಿ ತಿಂಗಳುಗಟ್ಟಲೆ ಬಿಡಬೇಡಿ.

ಬೇಸಿಗೆಯಲ್ಲಿ ಕೆರೆ ಹೂಳು ಹೊಡೆಯೋ ಪದ್ಧತಿ ಚಿತ್ರದುರ್ಗದ ಕಡೆ ಹಳೆಯದು. ಮಳೆಯಲ್ಲಿ ಹೊಲದಿಂದ ಕೊಚ್ಚಿಹೋದ ಮೇಲ್ಮಣ್ಣು, ಅದರ ಜೊತೆಯ ಸಾರಜನಕ, ಎರಡೂ ವಾಪಸ್ ಬರುತ್ತವೆ. ಕೆರೆಯಲ್ಲಿ ಅಂತರಗಂಗೆ ಹಬ್ಬಿದ್ದರೆ ಅದನ್ನೂ ಎಳೆದು ತಿಪ್ಪೆಗೆ ಹಾಕಿ, ಅದು ಉಂಡಿರೋದು ನಮ್ಮ ಹೊಲ ಮತ್ತು ಚರಂಡಿಯ ಸಾರಜನಕವನ್ನೇ.

ಹೆಜ್ಜೆ 8: ಹೊಲದ ಬೇಲಿ ದಾಟಿ ಹೋಗಿ

ಮಾರಿದ ಕಾಳಿನ ಜೊತೆ ಸಾರಜನಕವೂ ಲಾರಿ ಹತ್ತುತ್ತೆ. ಜೋಳದಲ್ಲಿ ಪ್ರೋಟೀನ್ ನೂರಕ್ಕೆ 9, ಅಂದ್ರೆ ಕ್ವಿಂಟಲ್ಲಿಗೆ ಸುಮಾರು 1.45 ಕಿಲೋ ಸಾರಜನಕ. 20 ಕ್ವಿಂಟಲ್ ಮಾರಿದರೆ 29 ಕಿಲೋ ಹೋಯ್ತು.

ಶೇಂಗಾ ಮಜಾ ಇದೆ. ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರೇ ಇತ್ತು, ಅಷ್ಟು ಗಾಣ, ಅಷ್ಟು ಮಿಲ್ಲು. ಎಣ್ಣೆಯಲ್ಲಿ ಸಾರಜನಕ ಇರೋದೇ ಇಲ್ಲ ಅಂದರೂ ನಡೆಯುತ್ತೆ. ಪೂರ್ತಿ ಹಿಂಡಿಯಲ್ಲೇ ಉಳಿಯುತ್ತೆ, ಶೇಂಗಾ ಹಿಂಡಿಯಲ್ಲಿ ನೂರಕ್ಕೆ 7ರಷ್ಟು. ಹಾಗಾಗಿ ಎಣ್ಣೆ ಮಾರಿ ಹಿಂಡಿ ವಾಪಸ್ ತಂದು ದನಕ್ಕೆ ಹಾಕಿ, ಅದರ ಸಗಣಿ-ಗಂಜಲ ಹೊಲಕ್ಕೆ ಬಿದ್ದರೆ ಊರಿನ ಸಾರಜನಕ ಹೆಚ್ಚೇನೂ ಊರು ಬಿಡಲ್ಲ. ಕಾಯಿ ಮಾರಿ, ಬಳ್ಳಿಯನ್ನೂ ಮಾರಿದರೆ "ಶೇಂಗಾ ಭೂಮಿಗೆ ಕಸುವು ಕೊಡುತ್ತೆ" ಅನ್ನೋದು ಬರೀ ಬಾಯಿಮಾತು.

ಬೆಣ್ಣೆ ದೋಸೆಗೂ ಇದೇ ಲೆಕ್ಕ. ಬೆಣ್ಣೆಯಲ್ಲಿ ಸಾರಜನಕ ಇಲ್ಲದಷ್ಟು ಕಮ್ಮಿ, ಅದು ಮಜ್ಜಿಗೆಯಲ್ಲಿ ಉಳಿಯಿತು. ದೋಸೆಯ ಉದ್ದಿನಬೇಳೆಯಲ್ಲಿ, ಚಟ್ನಿಯ ಹುರಿಗಡಲೆಯಲ್ಲಿ ಇದೆ. ಉದ್ದು, ಕಡಲೆ ಎರಡೂ ಗಂಟು ಕಟ್ಟೋ ಜಾತಿ, ಅಂದ್ರೆ ನೀವು ತಿಂದದ್ದರಲ್ಲಿ ಒಂದು ಪಾಲು ಕೆಲವು ತಿಂಗಳ ಹಿಂದೆ ಸುಮ್ನೆ ಗಾಳಿಯಾಗಿತ್ತು.

ದಿನಕ್ಕೆ 60 ಗ್ರಾಂ ಪ್ರೋಟೀನ್ ತಿಂದರೆ 10 ಗ್ರಾಂ ಸಾರಜನಕ ಒಳಗೆ ಹೋಗುತ್ತೆ, ಬೆಳೆದ ಮನುಷ್ಯನಾದರೆ ಹೆಚ್ಚುಕಮ್ಮಿ ಅಷ್ಟೇ ಹೊರಗೂ ಬರುತ್ತೆ, ಬಹುಪಾಲು ಮೂತ್ರದಲ್ಲಿ. ಐದು ದೊಡ್ಡವರಿರೋ ಮನೆಗೆ ವರ್ಷಕ್ಕೆ 18 ಕಿಲೋ. ಒಂದು ಚೀಲ ಯೂರಿಯಾಕ್ಕೆ ಸ್ವಲ್ಪ ಕಮ್ಮಿ! ಅದೆಲ್ಲ ಹೋಗೋದು ಪಾಯಖಾನೆ ಗುಂಡಿಗೆ. ಗುಂಡಿ ಪಕ್ಕದಲ್ಲೇ ಬೋರು ಇದ್ದರೆ ಮುಂದಿನದು ನೀವೇ ಊಹಿಸಿ.

ಜಗಳೂರು, ಚಳ್ಳಕೆರೆ ಕಡೆ ಬೋರಿನ ನೀರು ಅಂದ್ರೆ ಎಲ್ಲರ ಬಾಯಲ್ಲೂ ಫ್ಲೋರೈಡ್ ಮಾತು. ನೈಟ್ರೇಟ್ ಬಗ್ಗೆ ಕೇಳೋರು ಕಡಿಮೆ. ಕುಡಿಯೋ ನೀರಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಅನ್ನೋದು ನಮ್ಮ ದೇಶದ ಮಾನದಂಡ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯಲ್ಲಿ ಗೊತ್ತಾಗಲ್ಲ. ಆರು ತಿಂಗಳೊಳಗಿನ ಕೂಸಿಗೆ ಆ ನೀರಲ್ಲಿ ಪುಡಿ ಹಾಲು ಕಲಸಿ ಕೊಟ್ಟರೆ ರಕ್ತ ಆಮ್ಲಜನಕ ಒಯ್ಯೋದು ಕಡಿಮೆಯಾಗಿ ಮೈ ನೀಲಿಗಟ್ಟಬಹುದು. ಕುದಿಸಿದರೆ ಹೋಗುತ್ತೆ ಅಂದುಕೊಳ್ಳಬೇಡಿ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಆರ್‌ಓ ಫಿಲ್ಟರ್ ತೆಗೆಯುತ್ತೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ನೀರು ಪರೀಕ್ಷೆ ಮಾಡಿಸಿ, ಆ ಅಂಕಿಯನ್ನೂ ನೋಟ್‌ಬುಕ್ಕಿಗೆ ಸೇರಿಸಿ.

ಹೆಜ್ಜೆ 9: ತಾಳೆ ನೋಡಿ

ನನ್ನ ಒಂದು ಎಕರೆಯ ಪುಟ ಹೀಗಿದೆ. ಜಮಾ: ಕೊಟ್ಟಿಗೆ ಗೊಬ್ಬರ ನಾಲ್ಕು ಟನ್, 20 ಕಿಲೋ. ಡಿಎಪಿ ಒಂದು ಚೀಲ, 9. ಯೂರಿಯಾ ಒಂದೂವರೆ ಚೀಲ, 31. ಮಳೆ, 3. ಒಟ್ಟು 63. ಖರ್ಚು: ಕಾಳು 20 ಕ್ವಿಂಟಲ್, 29 ಕಿಲೋ. ದಂಟು 12 ಕಿಲೋ. ಒಟ್ಟು 41.

ಉಳಿದ 22 ಎಲ್ಲಿ? ಗೊಬ್ಬರದ ನಿಧಾನದ ಪಾಲು 14 ಮಣ್ಣಲ್ಲಿದೆ ಅಂತ ಹಿಡಿದರೆ 8 ಕಿಲೋ ಹಾರಿತು ಇಲ್ಲಾ ಇಳಿಯಿತು. ಇಷ್ಟೇನಾ ಅಂತ ಸಮಾಧಾನ ಮಾಡ್ಕೋಬೇಡಿ, ಇಲ್ಲೊಂದು ಮೋಸ ಇದೆ. ಚೀಲದ ಗೊಬ್ಬರದಲ್ಲಿ ಬೆಳೆ ನೇರವಾಗಿ ಹೀರೋದು ಸಾಮಾನ್ಯವಾಗಿ ಅರ್ಧಕ್ಕಿಂತ ಕಮ್ಮಿ, ಅಂದ್ರೆ 40ರಲ್ಲಿ 20 ದಾಟಲ್ಲ. ಹಾಗಾದರೆ 41 ಪೂರೈಸಿದ್ದು ಯಾರು? ಮಣ್ಣಿನ ಆ 400 ಕಿಲೋ ಡಿಪಾಸಿಟ್ ಮತ್ತು ಹಿಂದಿನ ವರ್ಷಗಳ ಗೊಬ್ಬರ. ಹಾಕಿದ್ದರಲ್ಲಿ ಸ್ವಲ್ಪ ಆ ಡಿಪಾಸಿಟ್ಟಿಗೆ ವಾಪಸ್ ಸೇರಿದೆ, ಉಳಿದದ್ದು ಕಳೆದುಹೋಗಿದೆ. ಎಷ್ಟೆಷ್ಟು ಅನ್ನೋದು ಮೂರು ವರ್ಷಕ್ಕೊಮ್ಮೆ ಅದೇ ಎಕರೆಯ ಮಣ್ಣು ಪರೀಕ್ಷೆ ಮಾಡಿಸಿ, ಸಾವಯವ ಇಂಗಾಲದ ಸಾಲನ್ನು ಹಳೇ ಕಾರ್ಡಿನ ಪಕ್ಕ ಇಟ್ಟಾಗ ಗೊತ್ತಾಗುತ್ತೆ. ಏರಿದ್ದರೆ ಸರಿ. ಇಳಿದಿದ್ದರೆ ದಂಟು, ತಿಪ್ಪೆ, ಗಂಜಲದ ಹೆಜ್ಜೆಗೆ ವಾಪಸ್ ಹೋಗಿ.

ಮುಂದಿನ ಮುಂಗಾರಿಗೆ ಒಂದೇ ಒಂದು ಬದಲಾವಣೆ ಮಾಡಿ, ಎರಡು ಮಾಡಿದರೆ ಯಾವುದರಿಂದ ಏನಾಯ್ತು ಅಂತ ತಿಳಿಯಲ್ಲ. ನಾನು ಈ ಸಲ ಆರು ಸಾಲು ಜೋಳಕ್ಕೆ ಒಂದು ಸಾಲು ತೊಗರಿ ಹಾಕಿದ್ದೀನಿ, ಯೂರಿಯಾದಲ್ಲಿ ಅರ್ಧ ಚೀಲ ಕಡಿಮೆ. ತೊಗರಿ ಸಾಲಿನ ಪಕ್ಕದ ಜೋಳ ಮತ್ತು ನಡುವಿನ ಸಾಲಿನ ಜೋಳ, ಎರಡನ್ನೂ ಬೇರೆ ಬೇರೆ ಚೀಲಕ್ಕೆ ಮುರಿದು ತೂಗಬೇಕು. ಅದಕ್ಕೆ ಎರಡು ಖಾಲಿ ಗೋಣಿಚೀಲಕ್ಕೆ ಈಗಲೇ ಬಣ್ಣದ ದಾರ ಕಟ್ಟಿ ಇಟ್ಟಿದ್ದೀನಿ.